ಕವಿತೆಯನ್ನು ಆರಿಸಿದವರು ಯಾರು?

ಮೂವತ್ತು ವರ್ಷಗಳಿಗೂ ಮಿಕ್ಕಿ ನಾನು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಪದ್ಯಗಳನ್ನು ಪಾಠ ಮಾಡಿದ್ದೇನೆ. ಪ್ರತಿಯೊಂದು ಪದ್ಯದ ಮೊದಲು ಕವಿಪರಿಚಯ ಇದ್ದೇ ಇರುತ್ತಿತ್ತು. ಕವಿಯ ಹುಟ್ಟೂರು, ಕಾಲ, ಮುಖ್ಯ ಕೃತಿಗಳು, ಪಡೆದ ಪ್ರಶಸ್ತಿಗಳು ಇಷ್ಟನ್ನು ನೀವೆಲ್ಲ ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಅಂಕ ಗಳಿಸಿದವರೇ. ಆದರೆ ಆ ಪದ್ಯವನ್ನು ಮೊಟ್ಟಮೊದಲು ಆರಿಸಿ ಅಚ್ಚಿಗೆ ಕೊಟ್ಟವರು ಯಾರು, ಅವರು ಏನನ್ನು ಓದಿ ಬೆಳೆದವರು, ಅವರಿಗೆ ಯಾವುದು ಹಿಡಿಸುತ್ತಿತ್ತು, ಯಾವುದು ಹಿಡಿಸುತ್ತಿರಲಿಲ್ಲ ಎಂದು ಯಾವ ಪ್ರಶ್ನೆಪತ್ರಿಕೆಯೂ ಕೇಳಲಿಲ್ಲ. ಕವಿತೆ ಕವಿಯ ಮೇಜಿನಿಂದ ನೇರವಾಗಿ ಪಠ್ಯಪುಸ್ತಕಕ್ಕೆ ಹಾರಿ ಬಂತು ಎಂಬಂತೆ ನಾವು ಕಲಿಸಿದೆವು, ನೀವು ಕಲಿತಿರಿ. ನಡುವೆ ಒಬ್ಬ ಸಂಪಾದಕರು ಕುಳಿತಿರುತ್ತಾರೆ. ಅವರ ಬಗ್ಗೆ ಈ ಬಾರಿ ನಾಲ್ಕು ಮಾತು ಬರೆಯಬೇಕೆನಿಸಿದೆ.

ಇದಕ್ಕೊಂದು ಕಾರಣವೂ ಉಂಟು. ನಮ್ಮ ಶಾಲೆಯಲ್ಲಿ ಓದಿ ಈಗ ಹೊರದೇಶದಲ್ಲಿ ನೆಲೆಸಿರುವ ವಿದ್ಯಾರ್ಥಿನಿಯೊಬ್ಬಳಿಗೆ ಅಲ್ಲಿನ ಕನ್ನಡ ಸಂಘದವರು ಸ್ಮರಣಸಂಚಿಕೆಯ ಕವನ ವಿಭಾಗವನ್ನು ಒಪ್ಪಿಸಿದ್ದಾರಂತೆ. "ಸಾರ್, ನಾನು ಕವಿಯಲ್ಲ, ವಿಮರ್ಶಕಿಯೂ ಅಲ್ಲ. ನನಗೆ ಹಳೆಯ ಭಾವಗೀತೆಗಳೇ ಇಷ್ಟ. ಬಂದಿರುವ ಕವಿತೆಗಳಲ್ಲಿ ಅರ್ಧದಷ್ಟು ನನಗೆ ಕವಿತೆಗಳೆಂದೇ ಅನಿಸುವುದಿಲ್ಲ. ನಾನು ಈ ಕೆಲಸಕ್ಕೆ ಯೋಗ್ಯಳೇ?" ಎಂದು ಅವಳು ಕೇಳಿದಳು. ಹೊಸ ಅಭಿರುಚಿ ಇದ್ದವರೇ ಹೊಸದನ್ನು ಆರಿಸಬಲ್ಲರು ಎಂಬ ನಂಬಿಕೆ ಅವಳ ಪ್ರಶ್ನೆಯ ಹಿಂದಿದೆ. ಬಹಳ ಮಂದಿಯ ನಂಬಿಕೆಯೂ ಅದೇ. ನನಗೆ ಅದು ಪೂರ್ತಿ ಸರಿಯೆನಿಸುವುದಿಲ್ಲ. ಏಕೆಂದು ಹೇಳಲು ಅಮೆರಿಕದ ಒಬ್ಬ ಮಹಿಳೆಯ ಬದುಕನ್ನು ಮುಂದಿಡುತ್ತೇನೆ. ಅವರ ಹೆಸರು ಹ್ಯಾರಿಯಟ್ ಮನ್ರೋ. 1912ರಲ್ಲಿ ಶಿಕಾಗೋ ನಗರದಲ್ಲಿ 'ಪೊಯೆಟ್ರಿ' ಎಂಬ ಮಾಸಪತ್ರಿಕೆಯನ್ನು ಸ್ಥಾಪಿಸಿ ಇಪ್ಪತ್ತನಾಲ್ಕು ವರ್ಷ ಅದನ್ನು ನಡೆಸಿದವರು.

ಮನ್ರೋ ಹುಟ್ಟಿದ್ದು 1860ರ ಡಿಸೆಂಬರಿನಲ್ಲಿ, ಅದೇ ಶಿಕಾಗೋದಲ್ಲಿ. ತಂದೆ ವಕೀಲರು, ಮನೆಯಲ್ಲಿ ಒಳ್ಳೆಯ ಪುಸ್ತಕ ಸಂಗ್ರಹವಿದ್ದವರು. ಸಂಕೋಚ ಸ್ವಭಾವದ ಹುಡುಗಿಗೆ ಆ ಪುಸ್ತಕಗಳೇ ಒಡನಾಡಿಗಳಾದುವು. ಷೇಕ್ಸ್‌ಪಿಯರ್, ಬೈರನ್, ಶೆಲ್ಲಿ, ಗದ್ಯದಲ್ಲಿ ಡಿಕೆನ್ಸ್ ಮತ್ತು ಥ್ಯಾಕರೆ. ಇವರನ್ನು ಎಳವೆಯಲ್ಲೇ ಓದಿಕೊಂಡದ್ದಾಗಿ ಅವರು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಮುಂದೆ ವಾಷಿಂಗ್ಟನ್ನಿನ ಜಾರ್ಜ್‌ಟೌನಿನಲ್ಲಿ ಕ್ರೈಸ್ತ ಸಂನ್ಯಾಸಿನಿಯರ ಶಾಲೆಯೊಂದರಲ್ಲಿ ಕಲಿತು 1879ರಲ್ಲಿ ವಿದ್ಯಾಭ್ಯಾಸ ಮುಗಿಸಿದರು. ಅಂದರೆ ಅವರ ಓದಿನ ತಳಹದಿ ಸಂಪೂರ್ಣವಾಗಿ ಹತ್ತೊಂಬತ್ತನೆಯ ಶತಮಾನದ್ದು. ಅವರು ಸ್ವತಃ ಬರೆದ ಪದ್ಯಗಳೂ ಅದೇ ಧಾಟಿಯವು.

ಆ ಕಾಲದ ಅಭಿರುಚಿ ಎಂಥದೆಂದು ತಿಳಿಯಲು ನಮಗೆ ಕಷ್ಟವಿಲ್ಲ. ಮನ್ರೋ ಹುಟ್ಟಿದ ಮರುವರ್ಷವೇ, 1861ರಲ್ಲಿ, ಇಂಗ್ಲೆಂಡಿನಲ್ಲಿ ಪಾಲ್‌ಗ್ರೇವ್ ಎಂಬವರು ಸಂಪಾದಿಸಿದ 'ಗೋಲ್ಡನ್ ಟ್ರೆಜರಿ' ಪ್ರಕಟವಾಯಿತು. ಬಿ.ಎಂ.ಶ್ರೀಯವರು 1926ರಲ್ಲಿ ಹೊರತಂದ 'ಇಂಗ್ಲಿಷ್ ಗೀತಗಳು' ಸಂಕಲನದ ಹಲವು ಕವಿತೆಗಳ ಮೂಲ ಆ ಪುಸ್ತಕದಲ್ಲಿದೆ. ಕನ್ನಡದ ನವೋದಯಕ್ಕೆ ಅದರಿಂದ ಆದ ಉಪಕಾರ ಸಣ್ಣದಲ್ಲ. ಆದರೆ ಪಾಲ್‌ಗ್ರೇವ್ ಒಂದು ನಿಯಮವನ್ನು ಇಟ್ಟುಕೊಂಡಿದ್ದರು: ಬದುಕಿರುವ ಯಾವ ಕವಿಗೂ ಅದರಲ್ಲಿ ಸ್ಥಳವಿಲ್ಲ. ಕಾಲ ಸೋಸಿ ಕೊಟ್ಟದ್ದನ್ನು ಆರಿಸುವುದು ಒಂದು ಬಗೆಯ ಸಂಪಾದನೆ. ಇನ್ನೂ ಸೋಸದೆ ಇರುವ ರಾಶಿಯಲ್ಲಿ ಕೈಯಿಟ್ಟು, ಬದುಕಿರುವ, ಹೆಸರಿಲ್ಲದ, ಸಿಟ್ಟುಗೊಳ್ಳಬಲ್ಲ ಕವಿಗಳನ್ನು ಆರಿಸುವುದು ಬೇರೊಂದು ಬಗೆ. ಮನ್ರೋ ಕೈಗೊಂಡದ್ದು ಎರಡನೆಯದನ್ನು.

ಪತ್ರಿಕೆ ಆರಂಭಿಸಿದಾಗ ಅವರಿಗೆ ಐವತ್ತೊಂದು ವರ್ಷ. ಅದಕ್ಕೆ ಮುಂಚಿನ ಬದುಕು ಅವರಿಗೆ ಎರಡು ಪಾಠಗಳನ್ನು ಕಲಿಸಿತ್ತೆಂದು ನನಗೆ ತೋರುತ್ತದೆ.

ಮೊದಲನೆಯದು ಕವಿಯ ಬಡತನದ ಪಾಠ. ಕೊಲಂಬಸ್ ಅಮೆರಿಕವನ್ನು ಮುಟ್ಟಿ ನಾನೂರು ವರ್ಷವಾದುದರ ನೆನಪಿಗೆ ಶಿಕಾಗೋದಲ್ಲಿ ಬೃಹತ್ ವಸ್ತುಪ್ರದರ್ಶನ ಏರ್ಪಟ್ಟಿತು. ನಮ್ಮ ಸ್ವಾಮಿ ವಿವೇಕಾನಂದರು 1893ರ ಸೆಪ್ಟೆಂಬರಿನಲ್ಲಿ ಮಾತನಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದು ಈ ಪ್ರದರ್ಶನದ ಅಂಗವಾಗಿಯೇ. ಸ್ವಾಮೀಜಿಯವರು ಇಡೀ ನಗರವನ್ನು ಗೆದ್ದುಕೊಂಡ ಬಗೆಯನ್ನು ಮನ್ರೋ ಆತ್ಮಕಥೆಯಲ್ಲಿ ಮೆಚ್ಚುಗೆಯಿಂದ ನೆನೆದಿದ್ದಾರೆ. 1892ರ ಅಕ್ಟೋಬರಿನಲ್ಲಿ ಪ್ರದರ್ಶನದ ಕಟ್ಟಡಗಳ ಸಮರ್ಪಣೋತ್ಸವಕ್ಕೆ ಪ್ರಗಾಥವನ್ನು ಬರೆದವರು ಇವರೇ. ಅದರ ಕೆಲವು ಭಾಗಗಳನ್ನು ಐದು ಸಾವಿರ ಮಂದಿಯ ಗಾಯಕವೃಂದ ಹಾಡಿತು. ಆದರೆ ಅದನ್ನು ಪುಸ್ತಿಕೆಯಾಗಿ ಅಚ್ಚು ಹಾಕಿಸಿದಾಗ ಕೊಳ್ಳುವವರಿಲ್ಲ. ಉಳಿದ ಪ್ರತಿಗಳು ಮರುಚಳಿಗಾಲದಲ್ಲಿ ಅವರ ಕೋಣೆಯ ಒಲೆಗೆ ಉರುವಲಾದುವು. 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆ ಅನುಮತಿಯಿಲ್ಲದೆ ಆ ಪದ್ಯವನ್ನು ಮೊದಲೇ ಪ್ರಕಟಿಸಿದ್ದರಿಂದ ಅವರು ನ್ಯಾಯಾಲಯಕ್ಕೆ ಹೋಗಿ ಐದು ಸಾವಿರ ಡಾಲರ್ ಪರಿಹಾರ ಪಡೆದರು. ಕವಿತೆಗೂ ಬೆಲೆಯುಂಟು, ಕವಿಗೂ ಹಕ್ಕುಂಟು ಎಂದು ನ್ಯಾಯಾಲಯದಲ್ಲಿ ನಿಂತು ಸಾಧಿಸಿದ ಹೆಣ್ಣುಮಗಳು ಮುಂದೆ ಸಂಪಾದಕಿಯಾದಾಗ ಮೊದಲ ಸಂಚಿಕೆಯಿಂದಲೇ ಕವಿಗಳಿಗೆ ಸಂಭಾವನೆ ಕೊಟ್ಟದ್ದರಲ್ಲಿ ಆಶ್ಚರ್ಯವೇನಿದೆ?

ಎರಡನೆಯದು ಹೊಸ ರೂಪದ ಪಾಠ. ಅವರ ಅಕ್ಕನ ಗಂಡ ಜಾನ್ ವೆಲ್‌ಬಾರ್ನ್ ರೂಟ್ ಆ ನಗರದ ಹೆಸರಾಂತ ವಾಸ್ತುಶಿಲ್ಪಿ. ಮುಗಿಲೆತ್ತರದ ಕಟ್ಟಡಗಳು ಆಗತಾನೇ ತಲೆಯೆತ್ತುತ್ತಿದ್ದ ಕಾಲ. 1891ರಲ್ಲಿ ರೂಟ್ ಅಕಾಲ ಮರಣಕ್ಕೀಡಾದರು. ಮನ್ರೋ ಅವರ ಜೀವನಚರಿತ್ರೆಯನ್ನು ಬರೆದು 1896ರಲ್ಲಿ ಪ್ರಕಟಿಸಿದರು. ಮುಂದೆ 1909ರಿಂದ 1914ರವರೆಗೆ 'ಶಿಕಾಗೋ ಟ್ರಿಬ್ಯೂನ್' ಪತ್ರಿಕೆಗೆ ಕಲಾವಿಮರ್ಶಕಿಯಾಗಿ ಕೆಲಸ ಮಾಡಿದರು. ಹಳೆಯ ಕಂಬ ಕಮಾನುಗಳ ಅಲಂಕಾರವನ್ನು ಬಿಟ್ಟ ಕಟ್ಟಡವೂ ಕಟ್ಟಡವೇ ಎಂಬುದನ್ನು ಕಣ್ಣಾರೆ ಕಂಡವರಿಗೆ, ಪ್ರಾಸ ಛಂದಸ್ಸುಗಳನ್ನು ಬಿಟ್ಟದ್ದೂ ಕವಿತೆಯಾಗಿರಬಹುದು ಎಂಬ ಸಂದೇಹವಾದರೂ ಹುಟ್ಟುತ್ತದೆ. ಸಂಪಾದಕರಿಗೆ ಆ ಸಂದೇಹ ಬಹು ದೊಡ್ಡ ಆಸ್ತಿ.

1910ರಲ್ಲಿ ಅವರು ಚೀನಾ ಪ್ರವಾಸ ಹೊರಟರು. ದಾರಿಯಲ್ಲಿ ಲಂಡನ್ನಿನಲ್ಲಿ ಎಜ್ರಾ ಪೌಂಡ್ ಎಂಬ ತರುಣ ಕವಿಯ ಪುಸ್ತಕಗಳು ಕೈಗೆ ಬಂದುವು. ಊರಿಗೆ ಮರಳಿದ ಮೇಲೆ ಪತ್ರಿಕೆಯ ಯೋಜನೆ ರೂಪುಗೊಂಡಿತು. ವರ್ಷಕ್ಕೆ ಐವತ್ತು ಡಾಲರಿನಂತೆ ಐದು ವರ್ಷ ಕೊಡಲೊಪ್ಪುವ ನೂರು ಮಂದಿ ಪೋಷಕರನ್ನು ಅವರು ಊರಿನ ವರ್ತಕರು, ವಕೀಲರ ಬಾಗಿಲಿಗೆ ತಾವೇ ಹೋಗಿ ಒಪ್ಪಿಸಿದರು. ಅದಾದ ಮೇಲೆ ಮಾಡಿದ ಕೆಲಸ ನನಗೆ ಬಹಳ ಹಿಡಿಸಿದೆ. 1912ರ ಬೇಸಿಗೆಯಲ್ಲಿ ನಗರದ ಸಾರ್ವಜನಿಕ ಗ್ರಂಥಾಲಯದಲ್ಲಿ ಕುಳಿತು, ಹಿಂದಿನ ಐದು ವರ್ಷಗಳಲ್ಲಿ ಪುಸ್ತಕಗಳಲ್ಲೂ ನಿಯತಕಾಲಿಕಗಳಲ್ಲೂ ಬಂದಿದ್ದ ಕವಿತೆಗಳನ್ನು ಒಂದೊಂದಾಗಿ ಓದಿದರು. ಸತ್ವವುಳ್ಳವರೆಂದು ಕಂಡ ಕವಿಗಳಿಗೆಲ್ಲ ಕಾಗದ ಬರೆದರು. ಐವತ್ತು ದಾಟಿದ, ಅಭಿರುಚಿ ಗಟ್ಟಿಯಾದ ಹೆಂಗಸು ವಿದ್ಯಾರ್ಥಿನಿಯಂತೆ ಮತ್ತೆ ಓದಿಗೆ ಕುಳಿತದ್ದು ಸಾಮಾನ್ಯ ಸಂಗತಿಯಲ್ಲ. ನಮ್ಮಲ್ಲಿ ಅನೇಕರು ಮೂವತ್ತಕ್ಕೇ ಹೊಸದನ್ನು ಓದುವುದನ್ನು ನಿಲ್ಲಿಸಿಬಿಟ್ಟಿರುತ್ತೇವೆ. ಮೊದಲ ಎರಡು ವರ್ಷ ಅವರು ಪತ್ರಿಕೆಯಿಂದ ಸಂಬಳ ಪಡೆಯಲಿಲ್ಲ. ಆಮೇಲೆ ಪಡೆದದ್ದು ತಿಂಗಳಿಗೆ ಐವತ್ತು ಡಾಲರ್. 1925ರಲ್ಲಿ ಅದು ನೂರಾಯಿತು.

ಪತ್ರಿಕೆಯ ಎರಡನೆಯ ಸಂಚಿಕೆಯಲ್ಲಿ ಅವರು ತಮ್ಮ ನೀತಿಯನ್ನು 'ತೆರೆದ ಬಾಗಿಲು' ಎಂಬ ಹೆಸರಿನಲ್ಲಿ ಸ್ಪಷ್ಟಪಡಿಸಿದರು. ಯಾವ ಒಂದು ಪಂಥಕ್ಕೂ ಪತ್ರಿಕೆ ಕಟ್ಟುಬೀಳುವುದಿಲ್ಲ. ಎಲ್ಲಿಂದ ಬಂತು, ಯಾರು ಬರೆದರು, ಯಾವ ಸಿದ್ಧಾಂತದ ಪ್ರಕಾರ ಬರೆದರು ಎಂದು ನೋಡದೆ ಒಳ್ಳೆಯದನ್ನು ಪ್ರಕಟಿಸುತ್ತೇವೆ ಎಂಬುದು ಅದರ ಸಾರ. ಹೀಗೆ ಹೇಳುವುದು ಸುಲಭ. ಅವರು ನಡೆದುಕೊಂಡದ್ದು ಹೇಗೆ ಎಂಬುದನ್ನು ಸಂಚಿಕೆಗಳೇ ಹೇಳುತ್ತವೆ. 1912ರ ಡಿಸೆಂಬರಿನಲ್ಲಿ ರವೀಂದ್ರನಾಥ ಠಾಕೂರರ ಗೀತಾಂಜಲಿಯ ಆರು ಕವಿತೆಗಳು ಅಲ್ಲಿ ಬಂದುವು. ಠಾಕೂರರಿಗೆ ನೊಬೆಲ್ ಬಹುಮಾನ ಬಂದದ್ದು ಅದರ ಮರುವರ್ಷ, 1913ರಲ್ಲಿ. 1913ರ ಆಗಸ್ಟಿನಲ್ಲಿ ಜಾಯ್ಸ್ ಕಿಲ್ಮರ್ ಬರೆದ 'ಟ್ರೀಸ್' ಪ್ರಕಟವಾಯಿತು. ಪಠ್ಯದಲ್ಲಿಲ್ಲದಿದ್ದರೂ ವನಮಹೋತ್ಸವದ ದಿನ ನಾನು ನಿಮಗೆ ಹೇಳಿಕೊಡುತ್ತಿದ್ದ ಪುಟ್ಟ ಪದ್ಯ ಅದು, ನೆನಪಿರಬಹುದು. 1914ರ ಮಾರ್ಚಿನಲ್ಲಿ ಕಾರ್ಲ್ ಸ್ಯಾಂಡ್‌ಬರ್ಗರ ಶಿಕಾಗೋ ಕವಿತೆಗಳು ಬಂದಾಗ ಅದೇ ಊರಿನ 'ಡಯಲ್' ಪತ್ರಿಕೆ ಇದು ಕಾವ್ಯಕ್ಕೇ ಅವಮಾನವೆಂಬಂತೆ ಹರಿಹಾಯ್ದಿತು. ಮನ್ರೋ ಹಿಂಜರಿಯಲಿಲ್ಲ, ಆ ವರ್ಷದ ಬಹುಮಾನವನ್ನು ಅವರ ಪತ್ರಿಕೆ ಸ್ಯಾಂಡ್‌ಬರ್ಗರಿಗೇ ಕೊಟ್ಟಿತು. 1915ರ ಜೂನಿನಲ್ಲಿ ಟಿ. ಎಸ್. ಎಲಿಯಟ್ ಎಂಬ ಇಪ್ಪತ್ತಾರರ ತರುಣನ 'ದ ಲವ್ ಸಾಂಗ್ ಆಫ್ ಜೆ. ಆಲ್ಫ್ರೆಡ್ ಪ್ರುಫ್ರಾಕ್' ಅದರಲ್ಲೇ ಬೆಳಕು ಕಂಡಿತು. 1916ರ ಡಿಸೆಂಬರಿನಲ್ಲಿ ಮಹಾಯುದ್ಧದ ಕಂದಕಗಳಿಂದ ಐಸಾಕ್ ರೋಸೆನ್‌ಬರ್ಗ್ ಬರೆದ ಕವಿತೆ ಬಂತು. ಆ ರೋಸೆನ್‌ಬರ್ಗ್, ಆ ಕಿಲ್ಮರ್ ಇಬ್ಬರೂ 1918ರಲ್ಲಿ ಫ್ರಾನ್ಸಿನ ರಣಭೂಮಿಯಲ್ಲಿ ಮಡಿದರು. 'ಟ್ರೀಸ್' ಅನ್ನು ತಲೆದೂಗಿ ಓದುವವರು 'ಪ್ರುಫ್ರಾಕ್' ಅನ್ನು ಓದಲಾರರು; 'ಪ್ರುಫ್ರಾಕ್' ಓದುಗರು 'ಟ್ರೀಸ್' ಎಂದರೆ ಮೂಗು ಮುರಿಯುತ್ತಾರೆ. ಎರಡೂ ಎರಡು ವರ್ಷಗಳ ಒಳಗೆ ಒಂದೇ ಮೇಜನ್ನು ದಾಟಿ ಹೋದುವು.

ಇನ್ನು ಅವರ ಮೇಲಿನ ಆಕ್ಷೇಪಗಳಿಗೆ ಬರೋಣ. ಮನ್ರೋ ಅವರ ಹಳೆಯ ಅಭಿರುಚಿ ಹೊಸ ಕಾವ್ಯಕ್ಕೆ ಅಡ್ಡಿಯಾಯಿತೆಂದು ಹೇಳುವವರು ಮೂರು ಪ್ರಸಂಗಗಳನ್ನು ಎತ್ತುತ್ತಾರೆ. ಒಂದು: ಪೌಂಡ್ 1914ರ ಶರತ್ಕಾಲದಲ್ಲೇ ಕಳುಹಿಸಿದ್ದ 'ಪ್ರುಫ್ರಾಕ್' ಅನ್ನು ಅವರು ಎಂಟು ತಿಂಗಳು ಇಟ್ಟುಕೊಂಡರು, ಅದರ ಮುಕ್ತಾಯ ಅವರಿಗೆ ಒಪ್ಪಿಗೆಯಾಗಿರಲಿಲ್ಲ, ಕೊನೆಗೆ ಸಂಚಿಕೆಯ ಹಿಂಭಾಗದಲ್ಲಿ ಹಾಕಿದರು. ಎರಡು: 1915ರ ನವೆಂಬರಿನಲ್ಲಿ ವ್ಯಾಲೆಸ್ ಸ್ಟೀವನ್ಸ್ ಅವರ 'ಸಂಡೇ ಮಾರ್ನಿಂಗ್' ಕವಿತೆಯ ಎಂಟು ಪದ್ಯಭಾಗಗಳಲ್ಲಿ ಐದನ್ನು ಮಾತ್ರ ಪ್ರಕಟಿಸಿದರು. ಮೂರು: 1926ರಲ್ಲಿ ಹಾರ್ಟ್ ಕ್ರೇನ್ ಕಳುಹಿಸಿದ ಕವಿತೆಯೊಂದರ ರೂಪಕಗಳು ಅರ್ಥವಾಗದೆ, ವಿವರಿಸಿ ಎಂದು ಕವಿಗೇ ಪತ್ರ ಬರೆದರು.

ಈ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪೆಂಬುದು ನನ್ನ ಅಭಿಪ್ರಾಯ. ಮೊದಲನೆಯದರಲ್ಲಿ ಅವರಿಗೆ ಕವಿತೆ ಪೂರ್ತಿ ಒಪ್ಪಿಗೆಯಾಗಿರಲಿಲ್ಲ, ಆದರೂ ಪ್ರಕಟಿಸಿದರು, ಒಂದು ಸಾಲನ್ನೂ ಬದಲಿಸದೆ. ತಡವಾದದ್ದು ನಿಜ. ಆದರೆ ಹಿಡಿಸಿದ್ದನ್ನು ಪ್ರಕಟಿಸುವುದರಲ್ಲಿ ಯಾವ ದೊಡ್ಡಸ್ತಿಕೆ ಇದೆ? ಒಳಮನಸ್ಸು ಬೇಡವೆನ್ನುವಾಗಲೂ ಇದರಲ್ಲಿ ನನಗೆ ಕಾಣದ ಏನೋ ಇರಬಹುದೆಂದು ಅಚ್ಚಿಗೆ ಕಳುಹಿಸುವುದು ಕಷ್ಟ. ಮೂರನೆಯದಂತೂ ಆಕ್ಷೇಪವೇ ಅಲ್ಲ, ಅದು ಗೌರವದ ವಿಷಯ. ಅರ್ಥವಾಗದ್ದನ್ನು ಅರ್ಥವಾಯಿತೆಂದು ನಟಿಸದೆ ಅವರು ಕೇಳಿದರು. ಕ್ರೇನ್ ದೀರ್ಘವಾಗಿ ಉತ್ತರಿಸಿದರು. ಮನ್ರೋ ಅವರ ಕವಿತೆಯನ್ನೂ, ತಮ್ಮ ಪ್ರಶ್ನೆಯನ್ನೂ, ಅವರ ಉತ್ತರವನ್ನೂ ಒಟ್ಟಿಗೆ ಪ್ರಕಟಿಸಿದರು. ರೂಪಕ ಕೆಲಸ ಮಾಡುವ ಬಗೆಯನ್ನು ಕುರಿತು ಕ್ರೇನ್ ಬರೆದ ಆ ಪತ್ರವನ್ನು ಕಾವ್ಯಾಭ್ಯಾಸಿಗಳು ಇಂದಿಗೂ ಓದುತ್ತಾರೆ. ಸಂಪಾದಕಿ ಎಲ್ಲ ಬಲ್ಲವರಂತೆ ಸುಮ್ಮನಿದ್ದಿದ್ದರೆ ಅದು ಹುಟ್ಟುತ್ತಲೇ ಇರಲಿಲ್ಲ.

ಎರಡನೆಯ ಪ್ರಸಂಗವನ್ನು ಮಾತ್ರ ನಾನು ಸಮರ್ಥಿಸಲಾರೆ. ಸ್ಟೀವನ್ಸ್ ಒಪ್ಪಿಕೊಂಡರು, ಉಳಿದ ಐದು ಭಾಗಗಳ ಕ್ರಮವನ್ನೂ ಅವರೇ ಸೂಚಿಸಿದರು ಎಂಬುದು ದಿಟ. ಆದರೂ 1923ರಲ್ಲಿ ತಮ್ಮ ಸಂಕಲನದಲ್ಲಿ ಅವರು ಎಂಟನ್ನೂ ಮೂಲಕ್ರಮದಲ್ಲಿ ಮರಳಿ ಸೇರಿಸಿದರೆಂಬುದನ್ನು ಗಮನಿಸಬೇಕು. ಪ್ರಕಟಣೆಗಾಗಿ ಕಾಯುವ ಕವಿ ಒಪ್ಪಿದನೆಂದರೆ ಅದು ಸ್ವತಂತ್ರ ಒಪ್ಪಿಗೆಯೆಂದು ಹೇಳಲಾಗದು. ಕವಿತೆಯನ್ನು ನಿರಾಕರಿಸುವ ಹಕ್ಕು ಸಂಪಾದಕರಿಗೆ ಉಂಟು. ತನ್ನ ಅಳತೆಗೆ ಕತ್ತರಿಸಿಕೊಳ್ಳುವ ಹಕ್ಕಿಲ್ಲ. ಅಭಿರುಚಿ ಸಂಪಾದಕರ ಒಳಗೆ ಇರುವವರೆಗೆ ಅದು ಬೆಳಕು. ಕತ್ತರಿಯಾಗಿ ಕೈಗೆ ಬಂದರೆ ಅಪಾಯ.

ಇಲ್ಲಿ ಇನ್ನೊಂದು ವಾದವೂ ಕೇಳಿಬರುತ್ತದೆ. ಪತ್ರಿಕೆಯ ನಿಜವಾದ ಕಣ್ಣು ಪೌಂಡ್, ಮನ್ರೋ ಬರಿಯ ವ್ಯವಸ್ಥಾಪಕಿ ಎಂಬುದು. ವಿದೇಶಿ ಪ್ರತಿನಿಧಿಯಾಗಿ ಲಂಡನ್ನಿನಲ್ಲಿದ್ದ ಪೌಂಡ್ ಇಲ್ಲದಿದ್ದರೆ ಠಾಕೂರರೂ ಎಲಿಯಟ್ಟರೂ ಆ ಪತ್ರಿಕೆಗೆ ಬರುತ್ತಿರಲಿಲ್ಲ, ಇದನ್ನು ಒಪ್ಪಲೇಬೇಕು. ಹಾಗೆಯೇ ಬಂದ ಹಸ್ತಪ್ರತಿಗಳನ್ನು ಮೊದಲು ಓದುತ್ತಿದ್ದ ಸಹಸಂಪಾದಕಿ ಆಲಿಸ್ ಕಾರ್ಬಿನ್ ಹೆಂಡರ್ಸನ್ ಅವರ ಪಾಲೂ ದೊಡ್ಡದು. ಆದರೆ ಪೌಂಡ್ ಅವರ ಕಣ್ಣು ಎಷ್ಟು ಚುರುಕೋ ಅವರ ಸಹನೆ ಅಷ್ಟೇ ಕಡಿಮೆ. ಅವರೊಬ್ಬರ ಅಭಿರುಚಿಯಿಂದಲೇ ನಡೆದಿದ್ದರೆ ಪತ್ರಿಕೆ ಒಂದು ಗುಂಪಿನ ಕರಪತ್ರವಾಗಿ ಕೆಲವೇ ವರ್ಷಗಳಲ್ಲಿ ಮುಗಿದುಹೋಗುತ್ತಿತ್ತೆಂದು ನನಗನಿಸುತ್ತದೆ. ತನಗಿಂತ ಹರಿತವಾದ ಕಣ್ಣುಳ್ಳ, ತನ್ನನ್ನೇ ಮೂದಲಿಸುವ ತರುಣನನ್ನು ಜೊತೆಗಿಟ್ಟುಕೊಂಡು, ಅವನ ಮಾತನ್ನು ಕೇಳಿಯೂ ಪೂರ್ತಿ ಕೇಳದೆ ನಡೆಯುವುದೂ ಸಂಪಾದಕರ ಗುಣವೇ.

ನಮ್ಮ ಶಾಲೆಯ ಗೋಡೆಪತ್ರಿಕೆ ನಿಮಗೆ ನೆನಪಿದೆಯಲ್ಲವೇ? ಅದರ ಹೊಣೆ ಹೊತ್ತಿದ್ದ ಹಿರಿಯ ಕನ್ನಡ ಪಂಡಿತರು ಕುಮಾರವ್ಯಾಸನಲ್ಲಿ ಮುಳುಗಿದ್ದವರು. ಭಾಮಿನಿ ಷಟ್ಪದಿಯ ಮಾತ್ರೆ ತಪ್ಪಿದರೆ ಅವರ ಕಿವಿಗೆ ನೋವಾಗುತ್ತಿತ್ತು. ಒಮ್ಮೆ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಬಸ್ ನಿಲ್ದಾಣದಲ್ಲಿ ಕಡಲೆಕಾಯಿ ಮಾರುವ ತನ್ನ ತಾಯಿಯನ್ನು ಕುರಿತು ಏನನ್ನೋ ಬರೆದು ತಂದ. ಪ್ರಾಸವಿಲ್ಲ, ಲಯವಿಲ್ಲ. ಶಿಕ್ಷಕರ ಕೊಠಡಿಯಲ್ಲಿ ಕೆಲವರು ನಕ್ಕರು. ಪಂಡಿತರು ನಗಲಿಲ್ಲ. ಹುಡುಗನನ್ನು ಕರೆಸಿ, "ಈ ಸಾಲು ನನಗೆ ತಿಳಿಯಲಿಲ್ಲಪ್ಪ, ಸ್ವಲ್ಪ ಹೇಳು" ಎಂದು ಕೇಳಿದರು. ಅವನು ತೊದಲುತ್ತ ಹೇಳಿದ. ಅವರು ಕಾಗುಣಿತವನ್ನಷ್ಟೇ ತಿದ್ದಿ, ಮಿಕ್ಕಿದ್ದನ್ನು ಇದ್ದಂತೆಯೇ ತಮ್ಮ ಮುತ್ತಿನಂಥ ಅಕ್ಷರಗಳಲ್ಲಿ ಬರೆದು ಗೋಡೆಗೆ ಹಚ್ಚಿದರು. "ಇದು ಕವಿತೆಯೇ ಪಂಡಿತರೇ?" ಎಂದು ನಾನು ಕೇಳಿದ್ದಕ್ಕೆ, "ನನಗೂ ಗೊತ್ತಿಲ್ಲ. ಆದರೆ ಇದು ಸುಳ್ಳಲ್ಲ ಎಂದು ಗೊತ್ತು" ಎಂದರು. ಆ ಪಂಡಿತರು ಮನ್ರೋ ಹೆಸರನ್ನು ಕೇಳಿದವರಲ್ಲ.

ಆದ್ದರಿಂದ ನನ್ನ ವಿದ್ಯಾರ್ಥಿನಿಗೆ ನನ್ನ ಉತ್ತರ ಇಷ್ಟು. ಭಾವಗೀತೆಗಳೇ ಇಷ್ಟವೆಂಬುದು ನಿನ್ನ ಅಯೋಗ್ಯತೆಯಲ್ಲಮ್ಮ. ಏನನ್ನೂ ಆಳವಾಗಿ ಪ್ರೀತಿಸದವರಿಗೆ ಒಳ್ಳೆಯದರ ಗುರುತೇ ಸಿಗದು. ಹಳೆಯದನ್ನು ಮನಸಾರೆ ಓದಿದವರಿಗೆ ಅಳತೆಯೊಂದಾದರೂ ಇರುತ್ತದೆ. ಆದರೆ ಕೆಲಸಕ್ಕೆ ಕೂರುವ ಮುನ್ನ ಈಚಿನ ಐದು ವರ್ಷಗಳ ಕನ್ನಡ ಕವಿತೆಗಳನ್ನು, ಹಿಡಿಸಲಿ ಬಿಡಲಿ, ತಾಳ್ಮೆಯಿಂದ ಓದು. ಕವಿತೆಯೆನಿಸದ ಆ ಅರ್ಧರಾಶಿಯಿಂದ, ಎರಡನೆಯ ಬಾರಿ ಓದಿದಾಗಲೂ ಮನಸ್ಸನ್ನು ಕೆಣಕುವ ಎರಡು ಮೂರನ್ನು ಆರಿಸು. ತಿಳಿಯದಿದ್ದರೆ ಬರೆದವರನ್ನೇ ಕೇಳು. ಕೇಳಲು ನಾಚಿಕೆ ಬೇಡ. ಬೇಡವೆನಿಸಿದ್ದನ್ನು ಸೌಜನ್ಯದಿಂದ ಹಿಂದಿರುಗಿಸು, ಆದರೆ ಕತ್ತರಿಸಬೇಡ. ಸಾಧ್ಯವಾದರೆ ಸಂಘದವರಿಗೆ ಹೇಳಿ ಕವಿಗಳಿಗೆ ಅಲ್ಪಸ್ವಲ್ಪ ಸಂಭಾವನೆ ಕೊಡಿಸು. ಊಟದವರಿಗೆ, ಧ್ವನಿವರ್ಧಕದವರಿಗೆ ಹಣ ಕೊಡುವ ನಾವು ಕವಿಗೆ ಮಾತ್ರ ಶಾಲು ಹೊದಿಸಿ ಕಳುಹಿಸುತ್ತೇವೆ.

ಈಗ ಯಾರು ಬೇಕಾದರೂ ಕೈಯಲ್ಲಿರುವ ಫೋನಿನಿಂದಲೇ ತಮ್ಮ ಕವಿತೆಯನ್ನು ಸಾವಿರ ಜನರಿಗೆ ತಲಪಿಸಬಹುದು, ಇನ್ನು ಸಂಪಾದಕರು ಏಕೆ ಬೇಕು ಎಂದು ನೀವು ಕೇಳಬಹುದು. ತಲಪುವುದು ಬೇರೆ, ಒಬ್ಬರು ಕುಳಿತು ಗಮನವಿಟ್ಟು ಓದಿದರೆಂಬ ಭರವಸೆ ಬೇರೆ. ಆ ಬಡ ಹುಡುಗನಿಗೆ ಪಂಡಿತರಿಂದ ದೊರೆತದ್ದು ಗೋಡೆಯ ಮೇಲಿನ ಜಾಗಕ್ಕಿಂತ ಹೆಚ್ಚಾಗಿ ಆ ಭರವಸೆ.

ಮನ್ರೋ 1936ರ ಸೆಪ್ಟೆಂಬರಿನಲ್ಲಿ, ತಮ್ಮ ಎಪ್ಪತ್ತೈದನೆಯ ವಯಸ್ಸಿನಲ್ಲಿ, ದಕ್ಷಿಣ ಅಮೆರಿಕದ ಪೆರು ದೇಶದ ಅರೆಕಿಪಾ ನಗರದಲ್ಲಿ ತೀರಿಕೊಂಡರು. ಬ್ವೆನೋಸ್ ಐರಿಸ್‌ನಲ್ಲಿ ನಡೆದ ಲೇಖಕರ ಸಮ್ಮೇಳನವನ್ನು ಮುಗಿಸಿ, ಇಂಕಾ ಜನರ ಪ್ರಾಚೀನ ಅವಶೇಷಗಳನ್ನು ನೋಡಲು ಬೆಟ್ಟದ ಹಾದಿ ಹಿಡಿದಿದ್ದರು. ಆ ವಯಸ್ಸಿನಲ್ಲೂ ಕಾಣದ್ದನ್ನು ಕಾಣುವ ಹಂಬಲ! ತಮ್ಮ ಪುಸ್ತಕಗಳನ್ನೂ ಪತ್ರಿಕೆಯ ಕಡತಗಳನ್ನೂ ಅವರು ಶಿಕಾಗೋ ವಿಶ್ವವಿದ್ಯಾಲಯಕ್ಕೆ ಬಿಟ್ಟುಹೋದರು. ಮುಂದೆ ನಮ್ಮ ಮೈಸೂರಿನ ಎ. ಕೆ. ರಾಮಾನುಜನ್ 1993ರಲ್ಲಿ ತೀರಿಕೊಳ್ಳುವವರೆಗೂ ಸುಮಾರು ಮೂರು ದಶಕ ಪಾಠ ಹೇಳಿದ್ದು ಅದೇ ವಿಶ್ವವಿದ್ಯಾಲಯದಲ್ಲಿ. 'ಪೊಯೆಟ್ರಿ' ನೂರು ವರ್ಷ ದಾಟಿ ಇಂದಿಗೂ ಹೊರಬರುತ್ತಿದೆ.

ಮುಂದಿನ ಸಲ ಯಾವುದಾದರೂ ಕವಿತೆ ನಿಮ್ಮ ಮನಸ್ಸನ್ನು ತಟ್ಟಿದಾಗ ಕವಿಯ ಹೆಸರಿನ ಜೊತೆಗೆ ಅದನ್ನು ಆರಿಸಿದವರ ಹೆಸರನ್ನೂ ಹುಡುಕಿ ನೋಡಿ. ಪುಸ್ತಕದ ಒಳಪುಟದಲ್ಲಿ ಸಣ್ಣ ಅಕ್ಷರಗಳಲ್ಲಿ ಅದು ಇದ್ದೇ ಇರುತ್ತದೆ.